ಅರ್ತಕ್ಕನ ಬೇಸ್ ಡಬ್ಬ

ಹನ್ನೊಂದು ಕಾರ್ಯಕ್ರಮಗಳ ಕೂಲಿ ಇನ್ನೂ ಬಂದಿಲ್ಲ. ಕೊಡಬೇಕಾದವನು ರೈಲು ನಿಲ್ದಾಣದ ಹಿಂದಿನ ಪಾರ್ಟಿ ಹಾಲ್‌ನ ಮಾಲೀಕ. ಬರಬೇಕಾದದ್ದು ಮೂವರಿಗೆ: ಬೇಸ್ ಗಿಟಾರ್ ನುಡಿಸುವ ಅರ್ತಕ್ಕನಿಗೆ, ಡ್ರಮ್ಸ್ ಬಾರಿಸುವ ಅವಳ ಅಣ್ಣನಿಗೆ, ಹಾಡುವ ಅತ್ತಿಗೆಗೆ. ಮಾಲೀಕನ ಹತ್ತಿರ ಹಣವಿಲ್ಲ ಎಂದೇನಲ್ಲ. ಹೋದ ತಿಂಗಳು ತಾನೇ ಹಾಲ್‌ನ ಬಾಗಿಲಿಗೆ ಹೊಸ ಗಾಜು ಹಾಕಿಸಿದ್ದಾನೆ. ಅವನು ಮುಂದೆ ಹಿಡಿದ ಒಂದು ಕಾಗದಕ್ಕೆ ಅರ್ತಕ್ಕ ಅವನಿಗೆ ಬೇಕಾದ ಹಾಗೆ ಸಹಿ ಹಾಕಲಿಲ್ಲ, ಅಷ್ಟೇ.

ಅರ್ತಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆ ಕೊಟ್ಟದ್ದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳೀಗ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಸೇರಿದ್ದು ಮಾತ್ರ ಇಸ್ತ್ರಿ ವಿಭಾಗಕ್ಕೆ. ಆಗ ಅಲ್ಲಿ ಅರವತ್ತನಾಲ್ಕು ಮೇಜು, ಮೇಜಿಗೊಂದು ಇಸ್ತ್ರಿ ಪೆಟ್ಟಿಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ತಂತಿ ಒಂದಕ್ಕೂ ಇರಲಿಲ್ಲ. ಒದ್ದೆ ಬಟ್ಟೆ, ಬೆವರಿದ ಕೈ, ಸವೆದ ವೈರು. ಪಕ್ಕದ ಮೇಜಿನ ಹೆಂಗಸು ಒಂದು ದಿನ ಶಾಕ್ ಹೊಡೆದು ಬಿದ್ದಾಗ ಸೂಪರ್‌ವೈಸರ್ ಬಂದು, "ಬೆಳಗ್ಗೆ ತಿಂಡಿ ತಿಂದಿಲ್ಲ ಅನ್ಸುತ್ತೆ, ತಲೆ ಸುತ್ತಿದೆ" ಎಂದ. ಅರ್ತಕ್ಕ ತನ್ನ ಇಸ್ತ್ರಿ ಪೆಟ್ಟಿಗೆಯನ್ನು ಅವನ ಕಡೆ ಚಾಚಿ, "ನೀವು ತಿಂದಿದ್ದೀರಲ್ಲ ಸಾರ್, ಹಿಡ್ಕೊಳ್ಳಿ" ಎಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಆ ಎರಡು ಹೆಜ್ಜೆಯನ್ನು ಇಡೀ ವಿಭಾಗ ಕಣ್ಣಾರೆ ನೋಡಿತು. ಅರ್ತ್ ತಂತಿ ಬೇಕೆಂದು ಎಲ್ಲರೂ ಗೇಟಿನ ಮುಂದೆ ಕುಳಿತರು, ಒಂಬತ್ತು ದಿನ ಕೆಲಸ ನಿಂತಿತು. ಹತ್ತನೆಯ ದಿನ ಎಲೆಕ್ಟ್ರಿಷಿಯನ್‌ಗಳು ಬಂದು ಎಲ್ಲ ಮೇಜಿಗೂ ಹಸಿರು ತಂತಿ ಎಳೆದರು. ಅರ್ತಕ್ಕ ಒಂದೊಂದು ಪ್ಲಗ್ಗನ್ನೂ ಬಿಚ್ಚಿಸಿ ನೋಡಿದಳು. ಮೂರು ಪ್ಲಗ್ಗುಗಳಲ್ಲಿ ತಂತಿಯನ್ನು ಬರೀ ತುರುಕಿದ್ದರು, ಸ್ಕ್ರೂ ಬಿಗಿದಿರಲಿಲ್ಲ. ಅವನ್ನು ಬಿಗಿದ ಮೇಲೆಯೇ ಕೆಲಸ ಶುರುವಾಯಿತು. "ಬೆರಳಿಗೆ ಇರುವೆ ಹರಿದ ಹಾಗಾದ್ರೂ ಸಾಕು, ಮೊದಲು ಸ್ವಿಚ್ ಆಫ್ ಮಾಡು, ಆಮೇಲೆ ಮಾತು" ಎಂದು ಹೊಸಬರಿಗೆಲ್ಲ ಇಂದಿಗೂ ಅವಳೇ ಪಾಠ ಹೇಳುತ್ತಾಳೆ.

ಬೇಸ್ ಅವಳ ಕೈಗೆ ಬಂದದ್ದೂ ಆ ಒಂಬತ್ತು ದಿನಗಳಲ್ಲೇ. ಗೇಟಿನ ಮುಂದೆ ಹಾಡಲು ಒಂದು ತಂಡ ಕಟ್ಟಿದರು. ಯಾರೋ ತಂದ ವಾದ್ಯಗಳಲ್ಲಿ ಆರು ತಂತಿಯ ಗಿಟಾರಿಗೆ ಕಿತ್ತಾಟ ನಡೆಯಿತು. ನಾಲ್ಕು ದಪ್ಪ ತಂತಿಯದ್ದು ಗೋಡೆಗೆ ಒರಗಿಕೊಂಡೇ ಇತ್ತು. "ಅದರಲ್ಲಿ ಹಾಡು ಬರಲ್ಲ ಕಣೇ, ಬರೀ ಗುಂ ಗುಂ" ಎಂದರು. ಇವಳು ಎತ್ತಿಕೊಂಡಳು. ಹಾಡುವವರ ದನಿ ಜಾರಿದಾಗ ಕೆಳಗಿನಿಂದ ಹಿಡಿದು ನಿಲ್ಲಿಸುವುದು ಆ ಗುಂ ಗುಂ ಎಂದು ಮೂರನೆಯ ದಿನಕ್ಕೇ ಅವಳಿಗೆ ಹೊಳೆಯಿತು.

ಆಂಪ್ ಕೊಂಡದ್ದು ಅದಾಗಿ ಎರಡು ವರ್ಷಕ್ಕೆ. ಒಂದು ಹೋಟೆಲ್ ಮುಚ್ಚಿತ್ತು. ಅಲ್ಲಿನ ಬ್ಯಾಂಡಿನ ಮುದುಕ ತನ್ನ ಬೇಸ್ ಆಂಪನ್ನು ಮಾರುತ್ತಿದ್ದ. ಸ್ಪೀಕರು, ಅದನ್ನು ಮೊರೆಸುವ ಯಂತ್ರ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಎತ್ತರ ಸೊಂಟದ ತನಕ. ತೂಕ ಒಂದು ಮೂಟೆ ಸಿಮೆಂಟಿನಷ್ಟು. ಮೇಲ್ಭಾಗದಲ್ಲಿ ಸಿಗರೇಟಿನಿಂದ ಸುಟ್ಟ ಕಲೆ, ಲೋಟ ಇಟ್ಟ ಉಂಗುರ. ಕಂಪನಿಯ ಹೆಸರಿನ ಪಟ್ಟಿ ಎಂದೋ ಉದುರಿ, ಎರಡು ತೂತು ಉಳಿದಿದ್ದವು. "ನನಗೂ ಇದು ಸೆಕೆಂಡ್ ಹ್ಯಾಂಡೇ ತಂಗಿ" ಎಂದ ಮುದುಕ. "ವಾಲ್ಯೂಮಿನ ಗುಂಡಿ ಕರಕರ ಅಂದ್ರೆ ಹತ್ತು ಸಲ ಹಿಂದೆ ಮುಂದೆ ತಿರುಗಿಸು, ಸುಮ್ಮನಾಗುತ್ತೆ. ಆನ್ ಮಾಡಿದ ಕೂಡಲೇ ನುಡಿಸಬೇಡ, ಸ್ವಲ್ಪ ಬಿಸಿ ಆಗ್ಲಿ. ವಯಸ್ಸಾದವರ ಮೊಣಕಾಲು ಇದ್ದ ಹಾಗೆ."

ಎರಡು ತಿಂಗಳ ಸಂಬಳ ಹೋಯಿತು. ಮನೆಗೆ ತಂದು ಮೊದಲ ಸಲ ಕೆಳಗಿನ ತಂತಿ ಮೀಟಿದಾಗ ಅಡುಗೆಮನೆಯ ಕಪಾಟಿನ ತಟ್ಟೆಗಳೆಲ್ಲ ಗಲಗಲ ಎಂದವು. ಮಲಗಿದ್ದ ಅತ್ತೆ ಎದ್ದು ಕುಳಿತು, "ಲಾರಿ ಬಂತಾ?" ಎಂದರು. ಗಂಡ ಆಂಪಿನ ಸುತ್ತ ಒಂದು ಸುತ್ತು ಬಂದು, "ಇನ್ನೊಬ್ಬನ್ನ ಮನೆಗೆ ತಂದುಬಿಟ್ಟೆ ಅನ್ನು. ನನಗಿಂತ ಹೊಟ್ಟೆ ದೊಡ್ಡದು" ಎಂದ.

"ನಿಮಗಿಂತ ಮಾತು ಕಡಿಮೆ" ಎಂದಳು ಅರ್ತಕ್ಕ.

ಅದೇ ಗಂಡ ಮರುವಾರ ಹಳೆಯ ಆಸ್ಪತ್ರೆ ಮಂಚದ ನಾಲ್ಕು ಚಕ್ರ ತಂದು ಅದರ ಅಡಿಗೆ ಜೋಡಿಸಿಕೊಟ್ಟ. ಹದಿನೆಂಟು ವರ್ಷದಿಂದ ಆ ಡಬ್ಬ ಆ ಚಕ್ರಗಳ ಮೇಲೇ ಓಡಾಡುತ್ತಿದೆ. ಒಮ್ಮೆ ಸ್ಪೀಕರಿನ ಕಾಗದ ಹರಿದಿತ್ತು, ಹೊಸದು ಹಾಕಿಸಿದಳು. ಒಮ್ಮೆ ಒಳಗೆ ಇಲಿ ಸೇರಿತ್ತು, ಓಡಿಸಿದಳು. ಹೊಸ ಆಂಪುಗಳು ಬಂದಿವೆ, ಒಂದೇ ಕೈಯಲ್ಲಿ ಎತ್ತಬಹುದು. ಅಣ್ಣ ಒಂದನ್ನು ಎರವಲು ತಂದು ನುಡಿಸಿ ತೋರಿಸಿದ. ಅರ್ತಕ್ಕ ಕೇಳಿ, "ಶೀತ ಆಗಿದೆ ಇದಕ್ಕೆ" ಎಂದು ಮೂಗು ಮುರಿದಳು.

ಪಾರ್ಟಿ ಹಾಲ್‌ಗೆ ಅವರು ನುಡಿಸಲು ಹೋಗಿದ್ದು ಹೋದ ವರ್ಷ. ಅಲ್ಲಿ ಎಲ್ಲ ದನಿಗಳನ್ನೂ ಕೂಡಿಸಿ ಗೋಡೆಯ ಸ್ಪೀಕರುಗಳಿಗೆ ಕಳಿಸುವ ಮಿಕ್ಸರ್ ಇತ್ತು. ಅರ್ತಕ್ಕನ ಆಂಪಿನಿಂದ ಅದಕ್ಕೊಂದು ಕೇಬಲ್ ಎಳೆದ ಕೂಡಲೇ ಹಾಲ್ ತುಂಬ ಗುಂಯ್ ಎಂಬ ಸದ್ದು. ಜನ ತಟ್ಟೆ ಹಿಡಿದುಕೊಂಡು ವೇದಿಕೆಯ ಕಡೆ ಮುಖ ಸಿಂಡರಿಸಿ ನೋಡಿದರು. ಎರಡನೆಯ ಕಾರ್ಯಕ್ರಮಕ್ಕೂ ಅದೇ ಆಯಿತು. ಮಾಲೀಕ ವೇದಿಕೆಯ ಪಕ್ಕಕ್ಕೆ ಕರೆದ.

"ಏನಮ್ಮಾ, ಜೇನುಗೂಡು ತಂದಿದ್ದೀರಾ? ದುಡ್ಡು ಕೊಟ್ಟ ಗಿರಾಕಿ ನನ್ನನ್ನ ಬೈತಿದ್ದಾರೆ."

"ಆಂಪಿಗೆ ಒಂದು ಬೋರ್ಡಿಂದ ಕರೆಂಟು, ಮಿಕ್ಸರಿಗೆ ಇನ್ನೊಂದರಿಂದ. ಅದಕ್ಕೇ ಹೀಗೆ. ಎರಡಕ್ಕೂ ಒಂದೇ ಬೋರ್ಡಿಂದ ಲೈನ್ ಎಳೆಸಿಕೊಡಿ, ನಿಲ್ಲುತ್ತೆ."

"ನಿಮ್ಮ ಡಬ್ಬಕ್ಕೋಸ್ಕರ ನನ್ನ ಗೋಡೆ ಒಡೆಸ್ಲಾ? ಬೇರೆ ಬ್ಯಾಂಡಿನವರು ಪ್ಲಗ್ ಒಳಗಿನ ಹಸಿರು ತಂತಿ ಕತ್ತರಿಸಿಬಿಡ್ತಾರೆ. ನೀವೂ ಕತ್ತರಿಸಿ. ಇಲ್ಲಾಂದ್ರೆ ಮುಂದಿನ ವಾರದಿಂದ ಬರಬೇಡಿ."

ಇಸ್ತ್ರಿ ಮೇಜಿನ ಹಸಿರು ತಂತಿಗಾಗಿ ಒಂಬತ್ತು ದಿನ ಗೇಟಿನ ಮುಂದೆ ಕುಳಿತವಳು, ವೇದಿಕೆಯ ಹಿಂದಿನ ಕೋಣೆಗೆ ಹೋಗಿ, ಚೀಲದಿಂದ ಕಟಿಂಗ್ ಪ್ಲೈಯರ್ ತೆಗೆದು, ತನ್ನ ಆಂಪಿನ ಪ್ಲಗ್ ಬಿಚ್ಚಿ, ಹಸಿರು ತಂತಿಯನ್ನು ಕತ್ತರಿಸಿದಳು. ಪ್ಲಗ್ಗನ್ನು ಮತ್ತೆ ಮುಚ್ಚಿದಳು. ಹೊರಗಿನಿಂದ ನೋಡಿದರೆ ಮೂರು ಕಾಲೂ ನೆಟ್ಟಗಿದ್ದವು. ಗುಂಯ್ ನಿಂತಿತು. ಅಣ್ಣ ಡ್ರಮ್ಸಿನ ಹಿಂದಿನಿಂದ ಹೆಬ್ಬೆರಳು ಎತ್ತಿದ. ನಾನು ಇದನ್ನು ಹೀಗೆ ನೆಟ್ಟಗೆ ಬರೆಯುತ್ತಿರುವುದು ಅವಳು ಹಾಗೇ ಬರೆ ಎಂದದ್ದಕ್ಕೆ. ಸಂಗೀತದವರ ಕಿವಿಗೆ ಗುಂಯ್ ಎನ್ನುವುದು ಕಾಲಿಗೆ ಚುಚ್ಚಿದ ಮುಳ್ಳು. ಅದನ್ನು ಕೀಳುವ ಆತುರದಲ್ಲಿ ಉಳಿದದ್ದೆಲ್ಲ ಮರೆತುಹೋಗುತ್ತದೆ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಮಾಲೀಕ ಕೂಲಿಯನ್ನು "ತಿಂಗಳ ಕೊನೆಗೆ ಒಟ್ಟಿಗೆ" ಎನ್ನುತ್ತಲೇ ಬಂದ. ಹನ್ನೊಂದನೆಯದು ಒಂದು ಕಂಪನಿಯ ಮಧ್ಯಾಹ್ನದ ಊಟದ ಕೂಟ. ನೆಂಟರಿಷ್ಟರಿಲ್ಲ, ಕಡಿಮೆ ಜನ. ಮಿಕ್ಸರಿನವನಿಗೆ ದುಡ್ಡು ಯಾಕೆ ದಂಡ ಎಂದು ಮಾಲೀಕ ಅವನನ್ನು ಕರೆಸಿರಲಿಲ್ಲ. ಅತ್ತಿಗೆಯ ಮೈಕನ್ನು ಹಾಲ್‌ನ ಸಣ್ಣ ಸ್ಪೀಕರಿಗೆ ಸಿಕ್ಕಿಸಿದರು. ಅರ್ತಕ್ಕನ ಆಂಪು ಅದರ ಪಾಡಿಗೆ ಅದು, ಯಾವ ಕೇಬಲ್ಲೂ ಇಲ್ಲದೆ.

ಮೊದಲ ಹಾಡಿನಲ್ಲೇ ಅರ್ತಕ್ಕನ ಬೆರಳ ತುದಿಗಳಲ್ಲಿ ಇರುವೆ ಹರಿದ ಹಾಗಾಯಿತು. ರಬ್ಬರ್ ಅಟ್ಟೆಯ ಚಪ್ಪಲಿ, ಮರದ ವೇದಿಕೆ, ಅಷ್ಟಕ್ಕೇ ನಿಂತಿತು. ಹೊಸಬರಿಗೆ ಹೇಳಿಕೊಡುವ ಪಾಠ ಅವಳ ನೆನಪಿಗೂ ಬಂತು. ಹಾಡು ಮುಗಿಯಲಿ ಅಂದುಕೊಂಡಳು. ಎರಡನೆಯದು ಶುರುವಾಯಿತು. ಅತ್ತಿಗೆ ಬಲಗೈಯಲ್ಲಿ ಮೈಕು ಹಿಡಿದು ಹಾಡುತ್ತಲೇ ಹಿಂದೆ ಬಂದು, ಬೇಸ್ ಜಾಸ್ತಿಯಾಯಿತೆಂದು ತಾನೇ ಕಡಿಮೆ ಮಾಡಲು ಎಡಗೈಯನ್ನು ಆಂಪಿನ ಲೋಹದ ಪಟ್ಟಿಯ ಮೇಲಿಟ್ಟಳು.

ಕೂಗಲಿಲ್ಲ. ಕೂಗಲು ಆಗಲಿಲ್ಲ. ಕೈ ಅಂಟಿಕೊಂಡಿತು, ಮೈ ಸೆಟೆಯಿತು. ಅರ್ತಕ್ಕ ಬೇಸನ್ನು ಬಿಸುಟು ಪ್ಲಗ್ಗಿನ ವೈರನ್ನು ಹಿಡಿದು ಎಳೆದುಬಿಟ್ಟಳು. ಅತ್ತಿಗೆ ಡ್ರಮ್ಸಿನ ಮೇಲೆ ಬಿದ್ದಳು. ತಾಳದ ತಟ್ಟೆ ಉರುಳಿದ ಸದ್ದಿಗೆ ಊಟ ಮಾಡುತ್ತಿದ್ದವರು ಅದೂ ಹಾಡಿನ ಭಾಗವೆಂದು ಚಪ್ಪಾಳೆ ತಟ್ಟಿದರು.

ಅತ್ತಿಗೆ ಬದುಕಿದಳು. ಎರಡು ಬೆರಳು ಸುಟ್ಟಿದ್ದವು, ಎಡಗೈ ಒಂದು ತಿಂಗಳು ಜೋಮು ಹಿಡಿದಿತ್ತು. ಮನೆಯಲ್ಲಿ ಕುಳಿತು ಅಂಗಿಗಳಿಗೆ ಗುಂಡಿ ಹೊಲಿದು ಡಜನ್ ಲೆಕ್ಕದಲ್ಲಿ ಸಂಪಾದಿಸುವವಳಿಗೆ ಒಂದು ಕೈ ಹೋದರೆ ಪೂರ್ತಿ ಹೋದ ಹಾಗೆ.

ಅರ್ತಕ್ಕ ಆಂಪನ್ನು ರೇಡಿಯೊ ರಿಪೇರಿಯವನ ಹತ್ತಿರ ಒಯ್ದಳು. ಅವನು ಹಿಂಬದಿಯ ಹಲಗೆ ಬಿಚ್ಚಿ, ಮೂಗಿನ ಮೇಲೆ ಕನ್ನಡಕ ಏರಿಸಿ, ಒಳಗೆ ಇಣುಕಿದ.

"ಕರೆಂಟು ಬರೋ ಕಡೆ ಒಂದು ಹಳೇ ಕಂಡೆನ್ಸರ್ ಇದೆ ನೋಡಮ್ಮಾ. ಅದು ಕೆಟ್ಟು, ಪೆಟ್ಟಿಗೆ ಮೈಗೆ ಕರೆಂಟು ಸೋರಿಸ್ತಾ ಇತ್ತು. ಹಸಿರು ತಂತಿ ಇದ್ದಿದ್ರೆ ಸೋರಿದ್ದು ನೆಲಕ್ಕೆ ಹೋಗಿ ಫ್ಯೂಸ್ ಹಾರ್ತಿತ್ತು."

"ನಾಲ್ಕು ತಿಂಗಳು ಯಾಕೆ ಹೊಡೀಲಿಲ್ಲ?"

"ಮಿಕ್ಸರಿಗೆ ಎಳೆದಿದ್ದ ಕೇಬಲ್ಲೇ ನಿನ್ನ ಅರ್ತ್ ಆಗಿತ್ತು. ಆವತ್ತು ಅದೂ ಇರಲಿಲ್ಲ. ಇನ್ನೊಂದು ಕೈಲಿ ಅರ್ತ್ ಇದ್ದ ಮೈಕು ಹಿಡಿದಿದ್ದಕ್ಕೆ ಕರೆಂಟು ನಿನ್ನ ಅತ್ತಿಗೆ ಮೈಯೊಳಗಿಂದ ಹಾದುಹೋಯ್ತು." ಅವನು ಪ್ಲಗ್ ಬಿಚ್ಚಿದ. ಕತ್ತರಿಸಿದ ತಂತಿಯನ್ನು ನೋಡಿ, ಅವಳನ್ನು ನೋಡಿ, "ಇದನ್ನ ಮಾಡಿದ ಬೇವರ್ಸಿ ಯಾರು?" ಎಂದ.

"ನಾನೇ."

ಅವನು ಪ್ಲಗ್ಗನ್ನು ಮೇಜಿನ ಮೇಲಿಟ್ಟ. ಆಮೇಲೆ, "ಆ ಹಾಲಲ್ಲಿ ಟ್ರಿಪ್ಪರ್ ಇರಲಿಲ್ವಾ? ಕರೆಂಟು ಮನುಷ್ಯನ ಮೈ ಹಿಡಿದ ಕೂಡ್ಲೇ ಕಟ್ ಮಾಡೋದು? ನೀನು ಎಷ್ಟೇ ಪೆದ್ದಿ ಆಗಿದ್ರೂ ಅದು ಇದ್ದಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಬಿಟ್ಟುಬಿಡ್ತಿತ್ತು" ಎಂದ.

ಅರ್ತಕ್ಕ ಹಾಲ್‌ಗೆ ಹೋಗಿ ಸ್ವಿಚ್ ಬೋರ್ಡ್ ನೋಡಿದಳು. ಟ್ರಿಪ್ಪರ್ ಇರಬೇಕಾದ ಜಾಗದಲ್ಲಿ ಖಾಲಿ ತೂತು. ಅದರ ಮೇಲೆ ಒಂದು ಕ್ಯಾಲೆಂಡರ್ ನೇತುಹಾಕಿದ್ದರು.

ಮಾಲೀಕ ಅವಳನ್ನು ಆಫೀಸಿಗೆ ಕರೆದು ಕೂರಿಸಿದ. ಅವನ ಕಾಗದ ಟೈಪ್ ಆಗಿ ಸಿದ್ಧವಾಗಿತ್ತು. ವಾದ್ಯ ತಂಡದ ಹಳೆಯ, ದೋಷವುಳ್ಳ ಉಪಕರಣದಿಂದಲೇ ಅಪಘಾತವಾಯಿತು, ಹಾಲ್‌ಗೆ ಸಂಬಂಧವಿಲ್ಲ ಎಂದು ಬರೆದಿತ್ತು. "ಸಹಿ ಹಾಕಿ, ಹನ್ನೊಂದರದ್ದೂ ಈಗಲೇ ಎಣಿಸ್ತೀನಿ. ಮೇಲೆ ಔಷಧಿಗೂ ಏನಾದ್ರೂ ಕೊಡ್ತೀನಿ."

ಅವಳು ಕಾಗದವನ್ನು ಅಣ್ಣನ ಮನೆಗೆ ಒಯ್ದಳು. ಅಣ್ಣ ಓದಿ, "ಹಾಕಿಬಿಡು. ಸುಳ್ಳೇನಲ್ಲವಲ್ಲ, ಕತ್ತರಿಸಿದ್ದು ನೀನೇ. ಬಾಡಿಗೆ ಕಟ್ಟಬೇಕು" ಎಂದ.

ಅತ್ತಿಗೆ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕುಳಿತಿದ್ದಳು. "ಕತ್ತರಿಸು ಅಂದವನು ಎಲ್ಲಿದ್ದಾನೆ ಇದರಲ್ಲಿ? ಕ್ಯಾಲೆಂಡರ್ ಎಲ್ಲಿದೆ? ಮುಂದಿನ ವಾರ ಇನ್ನೊಂದು ಬ್ಯಾಂಡ್ ಬರುತ್ತೆ, ಅವರಿಗೂ ಕತ್ತರಿಸಿ ಅಂತಾನೆ. ಅವರಲ್ಲಿ ಯಾರಾದ್ರೂ ಸತ್ತರೆ, ಹೋದ ಸಲವೂ ಬ್ಯಾಂಡಿನವರದ್ದೇ ತಪ್ಪು ನೋಡಿ ಅಂತ ಇದನ್ನೇ ತೋರಿಸ್ತಾನೆ. ನಾದಿನಿ, ನಿನ್ನ ಮೇಲೆ ನನಗೆ ಸಿಟ್ಟಿದೆ. ಸಾಯೋತನಕ ಇರುತ್ತೆ. ಅದು ಬೇರೆ ವಿಷಯ. ಬರೆಯೋದಾದ್ರೆ ಪೂರ್ತಿ ಬರಿ."

"ದುಡ್ಡು ಹೋಗುತ್ತಲ್ಲೇ" ಎಂದ ಅಣ್ಣ.

"ನಿಮ್ಮ ಕೈ ಹೋಗಿದ್ರೆ ಮಾತಾಡಿ."

ಅಣ್ಣ ಎದ್ದು ಒಲೆಯ ಮೇಲೆ ನೀರಿಟ್ಟ.

ಅರ್ತಕ್ಕ ಕಾಗದದ ಕೆಳಗೆ ಪೆನ್ನಿನಲ್ಲಿ ಬರೆದಳು: ಹಸಿರು ತಂತಿ ಕತ್ತರಿಸಿದವಳು ನಾನು. ಕತ್ತರಿಸು, ಇಲ್ಲವಾದರೆ ಕೆಲಸವಿಲ್ಲ ಎಂದವರು ಹಾಲ್‌ನ ಮಾಲೀಕರು. ಹಾಲ್‌ನಲ್ಲಿ ಟ್ರಿಪ್ಪರ್ ಇರಲಿಲ್ಲ. ಅದರ ಕೆಳಗೆ ಸಹಿ. ಮಾಲೀಕ ಓದಿ, ಮಡಚಿ, ಹರಿದು, ಕಸದ ಬುಟ್ಟಿಗೆ ಹಾಕಿದ. "ಇನ್ನು ಈ ಕಡೆ ಕಾಲಿಡಬೇಡಿ" ಎಂದ. ಅವಳು ಮೊದಲೇ ಅದರ ಐದು ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಇಟ್ಟುಕೊಂಡಿದ್ದಳು. ಒಂದನ್ನು ವಿದ್ಯುತ್ ಕಚೇರಿಗೆ ಕೊಟ್ಟಳು, ಒಂದನ್ನು ಕಾರ್ಮಿಕ ಕಚೇರಿಗೆ. ಎರಡೂ ಕಡೆ ಮುದ್ರೆ ಒತ್ತಿಕೊಟ್ಟರು. ಅದಕ್ಕಿಂತ ಹೆಚ್ಚು ಇನ್ನೂ ಏನೂ ಒತ್ತಿಲ್ಲ.

ಮೂರನೆಯದನ್ನು ಕಾರ್ಖಾನೆಯ ಊಟದ ಕೋಣೆಯಲ್ಲಿ ಓದಿದಳು. ಅದು ಎಲ್ಲಕ್ಕಿಂತ ಕಷ್ಟದ ಕೆಲಸ. ಪ್ಲಗ್ಗನ್ನು ಎತ್ತಿ ತೋರಿಸಿದಳು. ಹಿಂದಿನ ಬೆಂಚಿನಿಂದ ಯಾರೋ, "ಅರ್ತಕ್ಕಂಗೇ ಅರ್ತ್ ಇಲ್ವಂತೆ!" ಎಂದರು. ಎಲ್ಲರೂ ನಕ್ಕರು. ಅವಳು ನಗು ಮುಗಿಯುವ ತನಕ ನಿಂತಿದ್ದಳು. "ಹೌದು, ಇರಲಿಲ್ಲ" ಎಂದಳು. "ಕೆಲಸ ಹೋಗುತ್ತೆ ಅಂದ್ರು, ನಾನೂ ಕತ್ತರಿಸಿದೆ. ನಿಮಗೂ ಹಾಗೇ ಅಂತಾರೆ. ಆವಾಗ ನನ್ನ ಅತ್ತಿಗೆ ಕೈ ನೆನಪು ಮಾಡ್ಕೊಳ್ಳಿ." ಊಟ ಮುಗಿಸಿ ಇಸ್ತ್ರಿ ವಿಭಾಗದ ಏಳು ಜನ ತಮ್ಮ ತಮ್ಮ ಪ್ಲಗ್ ಬಿಚ್ಚಿ ನೋಡಿಕೊಂಡರು.

ಆಂಪು ಈಗ ಹೊಸ ಕಂಡೆನ್ಸರು, ಹೊಸ ಪ್ಲಗ್ಗಿನೊಂದಿಗೆ ಮನೆಯ ಮೂಲೆಯಲ್ಲಿದೆ. ಮಿಕ್ಸರಿಗೆ ಕೇಬಲ್ ಎಳೆಯುವಾಗ ನಡುವೆ ಒಂದು ಸಣ್ಣ ಪೆಟ್ಟಿಗೆ ಸಿಕ್ಕಿಸುತ್ತಾಳೆ. ಗುಂಯ್ ಹೋಗುತ್ತದೆ, ಹಸಿರು ತಂತಿ ಉಳಿಯುತ್ತದೆ. ಅದರ ಬೆಲೆ ನಾಲ್ಕು ಊಟದಷ್ಟು. ಅತ್ತಿಗೆ ಮತ್ತೆ ಹಾಡುತ್ತಾಳೆ, ಆಂಪಿನಿಂದ ಆರು ಅಡಿ ದೂರ ನಿಂತು. ಬೇಸ್ ಜಾಸ್ತಿಯಾದರೆ ಹತ್ತಿರ ಬರುವುದಿಲ್ಲ, ಕಣ್ಣು ಕೆಕ್ಕರಿಸುತ್ತಾಳೆ. ಎಡಗೈ ಕಿರುಬೆರಳಿಗೆ ಸೂಜಿ ಚುಚ್ಚಿದರೂ ಇಂದಿಗೂ ಗೊತ್ತಾಗುವುದಿಲ್ಲ.

ಆ ಹಾಲ್ ವಾರಕ್ಕೆ ಮೂರು ದಿನ ಭರ್ತಿಯಾಗಿ ನಡೆಯುತ್ತಿದೆ. ಕ್ಯಾಲೆಂಡರ್ ಬದಲಾಗಿದೆ, ತೂತು ಹಾಗೇ ಇದೆ. ಅಂಥ ಹಾಲ್ ಅದೊಂದೇ ಅಲ್ಲ. ಅವುಗಳ ಗಿರಾಕಿಗಳು ನೀವು. ತಟ್ಟೆ ಹಿಡಿದು ಮುಖ ಸಿಂಡರಿಸುವವರೂ ನೀವೇ. ಮುಂದಿನ ಸಲ ಹಾಲ್ ಗೊತ್ತು ಮಾಡಲು ಹೋದಾಗ ಹೂವಿನ ಅಲಂಕಾರ ಕೇಳುವ ಮೊದಲು ಸ್ವಿಚ್ ಬೋರ್ಡಿನ ಹತ್ತಿರ ನಡೆಯಿರಿ. ಟ್ರಿಪ್ಪರ್ ಎಲ್ಲಿದೆ, ಅದರ ಟೆಸ್ಟ್ ಗುಂಡಿ ಒತ್ತು, ನನ್ನ ಕಣ್ಣೆದುರಿಗೆ ದೀಪ ಆರಲಿ ಎಂದು ಮಾಲೀಕನಿಗೆ ಹೇಳಿ. ಅವನು ಒತ್ತುವ ತನಕ ಮುಂಗಡ ಕೊಡಬೇಡಿ.