ಕಾಟಿಯ ಇನ್ನೊಂದು ಕಣ್ಣು

ಗುಂಡಿ ಮಾರುವವರಿಗೆ ಒಂದು ಕೆಟ್ಟ ಅಭ್ಯಾಸವಿರುತ್ತದೆ. ಎದುರಿಗೆ ಬಂದವರ ಮುಖ ನೋಡುವ ಮೊದಲು ಅವರ ಅಂಗಿ ನೋಡುತ್ತಾರೆ. ಊಟಿಯ ಮಾರ್ಕೆಟ್ಟಿನಲ್ಲಿ ಉಣ್ಣೆ, ನೂಲು, ಗುಂಡಿಗಳ ಅಂಗಡಿ ಇಟ್ಟುಕೊಂಡಿರುವ ನಾನೂ ಇದಕ್ಕೆ ಹೊರತಲ್ಲ. ನಾದಿನಿಯ ಮಗಳ ಮದುವೆಯಲ್ಲಿ ವರನ ಕೋಟಿನ ಮೂರನೇ ಗುಂಡಿ ಸಡಿಲವಾಗಿದ್ದುದು ನೆನಪಿದೆ. ವರ ಹೇಗಿದ್ದನೆಂದು ಮಾತ್ರ ಕೇಳಬೇಡಿ. ಇಂಥ ನಾನು, ಕಣ್ಣಿನ ಜಾಗದಲ್ಲಿ ಗುಂಡಿ ಬಿದ್ದುಹೋದಂತಿದ್ದ ಒಂದು ಮರದ ಕಾಟಿಯನ್ನು ಎರಡು ವರ್ಷ ಎದುರಿಗಿಟ್ಟುಕೊಂಡು, ಅದೇ ದೊಡ್ಡ ಕಲೆಯೆಂದು ಹೊಗಳುತ್ತಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು!

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಅಂಗಡಿಯ ಮೇಲಿನ ಏರಿನಲ್ಲಿ ಮೈಸೂರು ಕಡೆಯ ಗ್ರಾಫಿಕ್ ಡಿಸೈನರ್ ಒಬ್ಬರಿದ್ದರು. ಟೀ ಪೊಟ್ಟಣ, ವರ್ಕಿ ಬಿಸ್ಕತ್ತಿನ ಪೊಟ್ಟಣ, ನೀಲಗಿರಿ ಎಣ್ಣೆಯ ಸೀಸೆ, ಹೀಗೆ ಊರಿನ ಅರ್ಧ ಲೇಬಲ್ಲುಗಳು ಅವರ ಕೈಯವು. ಒಂಟಿ ಜೀವ. ಅವರು ತೀರಿಕೊಂಡ ಮೇಲೆ ಅವರ ಅಕ್ಕ ಮೈಸೂರಿನಿಂದ ಬಂದು, ಮನೆ ಖಾಲಿ ಮಾಡಲೆಂದು ಸಾಮಾನನ್ನೆಲ್ಲ ಜಗುಲಿಗೆ ತಂದಿಟ್ಟರು. ನಾನು ಹೋದದ್ದು ಇಪ್ಪತ್ತು ಡ್ರಾಯರಿನ ಅವರ ಬೀರುವಿನ ಆಸೆಗೆ. ಗುಂಡಿ ತುಂಬಿಡಲು ಅದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ. ಅದು ಆಗಲೇ ಬೇರೆ ಯಾರ ಪಾಲಿಗೋ ಹೋಗಿತ್ತು.

ಮೂಲೆಯಲ್ಲಿ ಚಿತ್ರವಿಚಿತ್ರ ಸಾಮಾನುಗಳ ರಾಶಿ. ಹಲ್ಲು ಕಿರಿಯುವ ದೃಷ್ಟಿಬೊಂಬೆ, ಎಣ್ಣೆಡಬ್ಬದ ತಗಡಿನಲ್ಲಿ ಮಾಡಿದ ನವಿಲು, ತನಗಿಂತ ದಪ್ಪನೆಯ ಮಾವುತನನ್ನು ಹೊತ್ತ ಮಣ್ಣಿನ ಆನೆ. ಊರೂರು ಸುತ್ತಿ ಕೂಡಿಸಿದ್ದ ಪ್ರತಿಯೊಂದಕ್ಕೂ ಆ ಪುಣ್ಯಾತ್ಮರು ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು ಕಟ್ಟಿದ್ದರು. "ಇಷ್ಟಪಟ್ಟು ಇಟ್ಕೊಳ್ಳೋರು ತಗೊಂಡ್ಹೋದ್ರೆ ಸಾಕಮ್ಮ," ಎಂದರು ಅಕ್ಕ. ನನಗೆ ಅಷ್ಟು ಸಾಕಾಯಿತು. ಹದಿನೇಳನ್ನು ಹೊರಿಸಿಕೊಂಡು ಬಂದೆ. ನಮ್ಮ ಯಜಮಾನರು ಎಲ್ಲವನ್ನೂ ಒಂದು ಸುತ್ತು ನೋಡಿ, "ಬೀರು ತರ್ತೀನಿ ಅಂತ ಹೋದೋಳು ಬೀರು ತುಂಬೋ ಸಾಮಾನು ತಂದ್ಯಲ್ಲ," ಎಂದು ಪೇಪರಿಗೆ ಮರಳಿದರು.

ಅದರಲ್ಲಿ ನನ್ನ ಪ್ರಾಣವೆಂದರೆ ಆ ಕಾಟಿ. ಟೀ ತೋಟಗಳಲ್ಲಿ ತನ್ನದೇ ಜಮೀನೆಂಬಂತೆ ಓಡಾಡುವ ಕಾಡುಕೋಣ ಅದು. ಟೀ ಗಿಡವನ್ನು ನೀವು ನೋಡಿದ್ದೀರಲ್ಲ, ಮೇಲೆ ಸೊಂಟದೆತ್ತರಕ್ಕೆ ಕತ್ತರಿಸಿಕೊಂಡು ಸಾಧುವಾಗಿ ನಿಂತಿರುತ್ತದೆ. ಮಣ್ಣಿನೊಳಗೆ ಮಾತ್ರ ಬೇರನ್ನು ತನಗೆ ಬೇಕಾದ ಹಾಗೆ ತಿರುಚಿಕೊಂಡಿರುತ್ತದೆ, ಕೂಡುಕುಟುಂಬದ ಸೊಸೆಯರ ಹಾಗೆ. ಮುದಿಗಿಡ ಕಿತ್ತಾಗ ಆ ಬುಡ ಸೌದೆಗೆ ಹೋಗುವುದು ವಾಡಿಕೆ. ಯಾರೋ ಅಂಥ ಒಂದು ಬುಡದಲ್ಲಿ ಕಾಟಿಯನ್ನು ಕಂಡು, ಕೊಂಬು, ಡುಬ್ಬ ಬಿಡಿಸಿ, ಕಣ್ಣಿಗೆ ಕೋಟಿನ ಕಂದು ಗುಂಡಿ ಅಂಟಿಸಿದ್ದರು. ಒಂದೇ ಕಣ್ಣಿಗೆ. ಇನ್ನೊಂದು ಬರೀ ಗುಳಿ. ಚೀಟಿಯಲ್ಲಿ 'ಒಕ್ಕಣ್ಣ ಕಾಟಿ, ನಡುವಟ್ಟಂ' ಎಂದಿತ್ತು.

ಅದನ್ನು ಅಂಗಡಿಯಲ್ಲೇ ಇಟ್ಟುಕೊಂಡು ಬಂದವರಿಗೆಲ್ಲ ವ್ಯಾಖ್ಯಾನ ಶುರುಮಾಡಿದೆ. ನೀಲಗಿರಿಯಲ್ಲಿ ಮಂಜು ಇಳಿದರೆ ಅರ್ಧ ಜಗತ್ತು ಕಾಣುವುದಿಲ್ಲ, ಅದಕ್ಕೇ ಕಲಾವಿದ ಇದಕ್ಕೆ ಅರ್ಧ ದೃಷ್ಟಿ ಕೊಟ್ಟಿದ್ದಾನೆ ಎಂದು. ಉಣ್ಣೆ ಕೊಳ್ಳಲು ಬಂದ ಪ್ರವಾಸಿಗಳು ತಲೆದೂಗುತ್ತಿದ್ದರು. ಒಬ್ಬರಂತೂ ಬರೆದುಕೊಂಡೇ ಹೋದರು.

ಒಂದು ಮಧ್ಯಾಹ್ನ ಮಫ್ಲರ್ ಸುತ್ತಿಕೊಂಡ ವಯಸ್ಸಾದವರೊಬ್ಬರು ಬಂದರು. ಅಭ್ಯಾಸಬಲದಿಂದ ಕೋಟು ನೋಡಿದೆ, ಗುಂಡಿಗಳೆಲ್ಲ ನೆಟ್ಟಗಿದ್ದವು. ಅವರು ಬೆರಳು ಮಾಡಿದ್ದು ಕಾಟಿಯ ಕಡೆಗೆ.

"ಇದ್ರ ಕಣ್ಣೊಂದು ಬಾಕಿ ಅದ ಕನವ್ವ. ನಾನೇ ಮಾಡ್ದಂವ."

ಹೆಸರು ಮಾದಯ್ಯ. ಗುಂಡ್ಲುಪೇಟೆ ಕಡೆಯಿಂದ ಬಂದು ನಡುವಟ್ಟಂನ ಎಸ್ಟೇಟಿನಲ್ಲಿ ಆಯುಷ್ಯ ಸವೆಸಿದವರು. ಒಂದು ಗುಂಡಿ ಅಂಟಿಸಿ ಜೋಡಿ ಹುಡುಕುತ್ತಿದ್ದಾಗ ಡಿಸೈನರ್ ಅದನ್ನು ಕಂಡು, ಹೀಗೇ ಚೆನ್ನ, ಇನ್ನು ಮುಟ್ಟಬೇಡಿ ಎಂದು ಎತ್ತಿಕೊಂಡು ಹೋದರಂತೆ. ಈಗ ಅವರ ಮನೆಗೆ ಹೋಗಿ, ಬೀಗ ನೋಡಿ, ಅವರಿವರನ್ನು ಕೇಳುತ್ತ ನನ್ನಲ್ಲಿಗೆ ಬಂದಿದ್ದರು.

"ಆ ಸಾಮಿ ಒಳ್ಳೇವ್ರೇಯ. ಆದ್ರ ಕಣ್ಣು ಬುಡಿಸ್ದೆ ಕೈಯಿಂದ ಕೊಡಬಾರ್ದು. ಎಸ್ಟೇಟ್ ಲೈನ್ ಮನೆ ಬುಟ್ಕೊಟ್ಟಾಯ್ತು, ನಾಳ ಮಗಳ ಊರ್ಗ ಹೋಯ್ತಾ ಇವ್ನಿ. ಇನ್ ಈ ಬೆಟ್ಟ ಹತ್ತಾಕ ಆಗಲ್ಲ. ಇದೊಂದ್ ಆಗ್ಬುಟ್ರ ಸಾಕು."

ವಿಗ್ರಹ ಕೆತ್ತುವವರು ಕಣ್ಣನ್ನು ಕೊನೆಗೆ ತೆರೆಸುತ್ತಾರೆ, ಅಲ್ಲಿಯವರೆಗೆ ಅದು ಬರೀ ಕಲ್ಲು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗಿರಾಕಿಗಳಿಗೆ ಹೇಳಿಯೂ ಇದ್ದೆ. ಆದರೂ ನನಗೆ ನಿಜವಾಗಿ ಸಂಕಟವಾಯಿತು. ಎರಡು ಕಣ್ಣು ಬಂದರೆ ಅದು ಹತ್ತರಲ್ಲಿ ಹನ್ನೊಂದನೆಯ ಕಾಟಿ. ನನ್ನ ಮಂಜಿನ ವ್ಯಾಖ್ಯಾನದ ಗತಿಯೇನು?

"ಹೀಗೇ ಚೆಂದ ಅಲ್ವಾ ಮಾದಯ್ಯನೋರೆ?" ಎಂದೆ.

"ನಿಮ್ಗ ಚೆಂದ ಕನವ್ವ. ಅದ್ಕ ಕಾಣಲ್ವಲ್ಲ."

ಗುಂಡಿಯ ಡಬ್ಬಗಳನ್ನು ಮೇಜಿನ ಮೇಲೆ ಸುರಿದೆ. ಗಿರಾಕಿಗಳನ್ನು ಕಾಯಿಸಿ ಇಬ್ಬರೂ ಹುಡುಕಿದೆವು. ಜೋಡಿ ಸಿಗಲಿಲ್ಲ. ಅದೇ ಅಳತೆಯದು ಒಂದು ಸಿಕ್ಕಿತು, ಬಣ್ಣ ಮಾತ್ರ ತುಸು ಕಪ್ಪು. ನಾನು ರಾಗ ಎಳೆದರೆ ಅವರು, "ಇರ್ಲಿ ಬುಡವ್ವ, ಯಾರ್ ಎರಡು ಕಣ್ಣು ಒಂದೇ ತರ ಇದ್ದದು?" ಎಂದು ಗೋಂದು ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

ಆಮೇಲೆ ಕಾಟಿಯನ್ನು ಬಾಗಿಲ ಕಡೆ ತಿರುಗಿಸಿ, ಬಗ್ಗಿ, ಅದರ ಮುಖದ ಮಟ್ಟಕ್ಕೆ ತಮ್ಮ ಮುಖ ತಂದರು. "ಬತ್ತೀನಿ, ಉಸಾರು," ಎಂದರು.

"ಹೋಗಿ ಬನ್ನಿ," ಎಂದೆ ನಾನು. ಅವರು ಮೆಟ್ಟಿಲಿಳಿದ ಮೇಲೆ ತಿಳಿಯಿತು, ಅವರು ಹೇಳಿದ್ದು ನನಗಲ್ಲ.

ಚೀಟಿ ಬಿಚ್ಚಿ, 'ಒಕ್ಕಣ್ಣ' ಹೊಡೆದುಹಾಕಿ, ಮುತ್ತಿನಂಥದಲ್ಲದ ನನ್ನ ಅಕ್ಷರದಲ್ಲಿ 'ಮಾದಯ್ಯ ಮಾಡಿದ್ದು' ಎಂದು ಬರೆದೆ. ಉಳಿದ ಹದಿನಾರು ಚೀಟಿಗಳನ್ನು ತಿರುವಿ ನೋಡಿದೆ. ಎಲ್ಲದಕ್ಕೂ ಚೆಂದದ ಹೆಸರಿದೆ, ಊರಿದೆ. ಮಾಡಿದವರು ಯಾರೂ ಇಲ್ಲ. ಎರಡು ವರ್ಷದಲ್ಲಿ ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಈಗ ಯಾರೂ ಆ ಕಾಟಿಯ ಬಗ್ಗೆ ಕೇಳುವುದಿಲ್ಲ. ಮಂಜಿನ ವ್ಯಾಖ್ಯಾನಕ್ಕೂ ನಿವೃತ್ತಿಯಾಯಿತು. ಆದರೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಅದು ನೇರ ನನ್ನನ್ನೇ ನೋಡುತ್ತದೆ. ನಾನು ನಿಂತು, ಸ್ವೆಟರಿನ ಗುಂಡಿಗಳನ್ನು ಸರಿಯಾಗಿ ಹಾಕಿಕೊಂಡಿದ್ದೇನೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಂಡು ಒಳಗೆ ಹೋಗುತ್ತೇನೆ.