ಪರ್ಸನಲ್ ವರ್ಕ್ ಎಂದು ಬರೆದ ಹನ್ನೊಂದು ದಿನ

ಮೊನ್ನೆ ಇಲ್ಲಿ, ಅಮೆರಿಕದ ರೆಸ್ಟನ್‌ನಲ್ಲಿ, ಗೆಳತಿಯೊಬ್ಬಳು ಲವಂಗ ಹಾಕಿ ಕುದಿಸಿದ ಟೀ ತಂದಿಟ್ಟಳು. ಆ ವಾಸನೆಗೆ ಪಕ್ಕದೂರು ಹರ್ನ್‌ಡನ್‌ನ ನಮ್ಮ ಹಳೆಯ ಅಪಾರ್ಟ್‌ಮೆಂಟೂ ಎದುರು ಮನೆಯ ಆಂಟಿಯೂ ನೆನಪಾದರು. ಮೈಸೂರಿನ ಮಂಡಿ ಮೊಹಲ್ಲಾದವರು. ದುಪಟ್ಟಾ ಸರಿಮಾಡಿಕೊಳ್ಳುತ್ತಲೇ ಎದುರಿಗಿದ್ದವರ ಮುಖ ಓದಿಬಿಡುತ್ತಿದ್ದರು.

ಆಗಷ್ಟೇ ಮನೆಯಿಂದ ಕೆಲಸ ಮಾಡುವ ಕಾಲ ಮುಗಿದು, ದಿನವೂ ಒಂಬತ್ತಕ್ಕೆ ಆಫೀಸಿನಲ್ಲಿರಬೇಕೆಂಬ ಹುಕುಂ ಬಂದಿತ್ತು. ಗಂಡನಿಗೆ ದೂರದ ಷಾರ್ಲೆಟ್‌ನಲ್ಲಿ ಕೆಲಸ, ಬರುತ್ತಿದ್ದುದು ವಾರಾಂತ್ಯಕ್ಕೆ ಮಾತ್ರ. ಐದು ವರ್ಷದ ಮಗನಿಗೆ ಆಸ್ತಮಾ. ಬೆಳಗ್ಗೆ ಅವನ ಉಬ್ಬಸ ಇಳಿಯುವವರೆಗೆ ನಾನು ಮನೆ ಬಿಡುವಂತಿರಲಿಲ್ಲ... ಕೆಲವು ದಿನ ಹೋಗಲೇ ಆಗುತ್ತಿರಲಿಲ್ಲ. ಪ್ರತಿ ಸಲವೂ ಮ್ಯಾನೇಜರಿಗೆ ಒಂದೇ ಸಾಲು: ಪರ್ಸನಲ್ ವರ್ಕ್ ಇದೆ, ಸಾರಿ. ಬೆಂಗಳೂರಿನ ಆಫೀಸಿನಲ್ಲಿ ಕಲಿತ ಚಾಳಿ ಅದು. ಮಗುವಿನ ಕಾಯಿಲೆಯನ್ನು ಊರಿಗೆಲ್ಲ ಸಾರುವುದೇಕೆ ಎಂಬ ಬಿಗುಮಾನ ಬೇರೆ.

ಹನ್ನೊಂದನೆಯ ಸಲಕ್ಕೆ ಎಚ್‌ಆರ್‌ನಿಂದ ಕಾಗದ ಬಂತು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ, ಸೋಮವಾರ ಬಂದು ಸಹಿ ಹಾಕಿ ಎಂದಿತ್ತು. ಮೂವರ ವೀಸಾವೂ ಗಂಡನ ಕೆಲಸದ ಪರವಾನಗಿಯೂ ನನ್ನ ಕೆಲಸಕ್ಕೇ ಅಂಟಿಕೊಂಡಿದ್ದವು. ಅದು ಹೋದರೆ ಗಂಟುಮೂಟೆ ಕಟ್ಟುವುದೇ. ಮೆಟ್ಟಿಲಲ್ಲಿ ಕೂತು ಅಳುತ್ತಿದ್ದವಳನ್ನು ಆಂಟಿ ಒಳಗೆ ಕರೆದೊಯ್ದು ಲವಂಗದ ಟೀ ಕೊಟ್ಟು, ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿದರು.

"ಮಗೂಗೆ ಹುಷಾರಿಲ್ಲ ಅನ್ನೋದು ಇದ್ರಲ್ಲಿ ಎಲ್ಲೂ ಇಲ್ವಲ್ಲ?"

"ನಾನು ಹೇಳೇ ಇಲ್ಲ ಆಂಟಿ. ಪರ್ಸನಲ್ ವರ್ಕ್ ಅಂತ ಮೇಲ್ ಮಾಡ್ತಿದ್ದೆ."

"ಏನಮ್ಮಾ ನೀನು. ಆಸ್ಪತ್ರೆಗೆ ಹೋಗಿದ್ಯೋ ಶಾಪಿಂಗ್‌ಗೆ ಹೋಗಿದ್ಯೋ, ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?"

ಅವರ ಊಟದ ಮೇಜಿನ ಮೇಲೆಯೇ ಹನ್ನೊಂದು ದಿನಗಳನ್ನೂ ಬರೆದೆವು. ಯಾವತ್ತು ಎಷ್ಟು ಹೊತ್ತಿಗೆ ಉಬ್ಬಸ ಬಂತು, ಯಾವತ್ತು ಆಸ್ಪತ್ರೆಗೆ ಓಡಿದೆ... ಕಾರಿನ ಸೀಟಿನಡಿಯಿಂದೆಲ್ಲ ಆಸ್ಪತ್ರೆಯ ಚೀಟಿಗಳನ್ನು ಹೆಕ್ಕಿದೆ. ಮನೆಯವರ ಕಾಯಿಲೆಗೆಂದೇ ಇಲ್ಲಿಯ ಕಾನೂನಿನಲ್ಲಿ ಒಂದು ರಜೆ ಇದೆ, ಅದರ ಫಾರ್ಮ್ ಕೇಳು ಎಂದು ನನ್ನ ಕೈಯಲ್ಲಿ ಆಗಲೇ ಎಚ್‌ಆರ್‌ಗೆ ಮೇಲ್ ಮಾಡಿಸಿದರು. ಶುಕ್ರವಾರ ಡಾಕ್ಟರು ಅದನ್ನು ತುಂಬಿಕೊಟ್ಟರು: ಈ ಉಬ್ಬಸ ಹೇಳಿಕೇಳಿ ಬರುವುದಿಲ್ಲ, ತಾಯಿ ಜೊತೆಗಿರಲೇಬೇಕು.

ಸೋಮವಾರ ಎಚ್‌ಆರ್‌ನವಳು ಎಲ್ಲವನ್ನೂ ಓದಿ, ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದಳು. ಎರಡು ದಿನದ ಮೇಲೆ ಮೇಲ್ ಬಂತು. ಕಾಗದ ವಾಪಸ್, ಆ ದಿನಗಳು ಲೆಕ್ಕಕ್ಕಿಲ್ಲ. ವಾರದ ಮೇಲೆ ಅವತ್ತು ನಾನು ಹೊಟ್ಟೆ ತುಂಬ ಉಂಡೆ. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಕೇಸರಿಬಾತ್ ಮಾಡಿಕೊಂಡು ಆಂಟಿಯ ಮನೆಗೆ ಹೋದೆ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಡಬ್ಬಿಯ ಮುಚ್ಚಳ ಮುಚ್ಚಿ ಹೇಳಿದರು.

"ನಮ್ಮೆಜಮಾನ್ರಿಗೆ ಡಯಾಲಿಸಿಸ್ ನಡೀತಿದ್ದಾಗ ನಾನೂ ವೇರ್‌ಹೌಸ್ ಕೆಲ್ಸದಲ್ಲಿ ಹಿಂಗೇ ಪರ್ಸನಲ್ ಅಂತಿದ್ದೆ. ತೆಗೆದುಹಾಕಿದ್ರು. ಈ ರಜೆ ವಿಷಯ ಆಮೇಲೆ ಗೊತ್ತಾಯ್ತು. ಎಜಮಾನ್ರಿಗೆ ಮಾತ್ರ, ಕೆಲ್ಸ ನಾನೇ ಬಿಟ್ಟೆ ಅಂತ ಹೇಳ್ದೆ."

ಆಮೇಲೆ ಆಂಟಿ ಅಟ್ಲಾಂಟಾಕ್ಕೆ, ಮಗಳ ಮನೆಗೆ ಹೋದರು. ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು... ನಮಗೆ ಸುದ್ದಿ ತಲುಪಿದ್ದು ವಾರದ ಮೇಲೆ. ಮಗ ಈಗ ಫುಟ್‌ಬಾಲ್ ಆಡುತ್ತಾನೆ, ನಾನು ಅದೇ ಕೆಲಸದಲ್ಲಿದ್ದೇನೆ. ನಾವು ನೆಮ್ಮದಿಯಾಗಿದ್ದೇವೆ. ಆದರೆ ಆಂಟಿಯ ಕಷ್ಟಕಾಲದಲ್ಲಿ ಅವರ ಎದುರು ಮನೆಯಲ್ಲಿ ಅವರಂಥವರು ಯಾರೂ ಇರಲಿಲ್ಲವಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.