ಆಯಿಯ ಮುಂದಿನ ಹಲ್ಲು

ಈ ವಯಸ್ಸಿನಲ್ಲೂ ಉಳಿದಿರುವ ನನ್ನ ನಾಲ್ಕು ಹಲ್ಲುಗಳ ಪಾಚಿಯನ್ನು ಇವತ್ತು ಡಾಕ್ಟರು ಕೆರೆಯುವಾಗ ಆಯಿ ನೆನಪಾದಳು. ಆಯಿ ಅಂದರೆ ಅಪ್ಪನ ತಾಯಿ. ನಿಜಾಮರ ಕಾಲದಲ್ಲಿ ನಾವು ಇರಕಲ್ಲಗಡದಲ್ಲಿದ್ದೆವು.

ಆಗಷ್ಟೇ ಶಾಲೆ ಬಿಟ್ಟಿದ್ದೆ, ಕೈ ಸುಮ್ಮನಿರುತ್ತಿರಲಿಲ್ಲ. ಬೇವಿನ ಕಡ್ಡಿಗೆ ಬಗ್ಗದ, ಆಯಿಯ ಹಲ್ಲಿನ ಮೇಲಿನ ತಂಬಾಕಿನ ಕರಿ ಪಾಚಿಯನ್ನು ಅಪ್ಪನ ಮುಳ್ಳು ಕೀಳುವ ಚಿಮಟದಿಂದ ಕೆರೆದೆ. ಪಾಚಿಯ ಜೊತೆ ಮುಂದಿನ ಹಲ್ಲೂ ಕಳಚಿ ನನ್ನ ಅಂಗೈಗೆ ಬಿತ್ತು.

“ರೊಟ್ಟಿ ಕಡಿಯಾಕ ಹೋಗಿ ಬಿತ್ತಪಾ,” ಎಂದು ಆಯಿ ಅಪ್ಪನಿಗೆ ಹೇಳಿದಳು.

ನನಗೆ ತಡೆಯಲಾಗಲಿಲ್ಲ. “ಸುಳ್ಳು. ನಾನ ಕಿತ್ತೀನಿ.”

ಅಪ್ಪ ಕೈ ಎತ್ತಿದ. ಆಯಿ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು. “ಹೊಡಿಬ್ಯಾಡೋ, ಉಳದ ಹಲ್ಲು ತಿಕ್ಕಾಕ ನನಗ ಇವನ ಬೇಕು.”

ಮರುದಿನ ಬಿಸಿಲಿಗೆ ಕುಳಿತು ಮತ್ತೆ ನನ್ನ ಮುಂದೆ ಬಾಯಿ ತೆರೆದಳು. ಅಷ್ಟು ನಂಬಿ ಬಾಯಿ ತೆರೆಯುವುದು ಇವತ್ತು ನನ್ನಿಂದ ಆಗಲಿಲ್ಲ.